ಜನಪ್ರತಿನಿಧಿಯ ಹೇಳಿಕೆಯನ್ನು ಪರಿಶೀಲಿಸುವ ಬಗೆ: ಮಂಡ್ಯ, ಮೈಸೂರು ಜಿಲ್ಲೆಗಳ ಓದುಗರಿಗೆ ಒಂದು ಮಾರ್ಗದರ್ಶಿ

‘ನಮ್ಮ ಶಾಸಕರು ಒಂದು ಹೇಳುತ್ತಾರೆ, ಸಂಸದರು ಅದಕ್ಕೆ ತದ್ವಿರುದ್ಧವಾಗಿ ಹೇಳುತ್ತಾರೆ, ಇಬ್ಬರ ಕೈಯಲ್ಲೂ ಕಾಗದ ಇರುತ್ತದೆ, ನಾವು ಯಾರ ಮಾತನ್ನು ನಂಬಬೇಕು?’ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ನಾಲೆಗೆ ನೀರು ಬಿಡುವ ಮಾತು ನಡೆಯುವ ದಿನಗಳಲ್ಲಿ, ಕಬ್ಬು ಅರೆಯುವ ಹಂಗಾಮು ಶುರುವಾಗುವಾಗ ಮತ್ತು ಯಾವುದೇ ಚುನಾವಣೆಗೆ ಆರೇಳು ತಿಂಗಳು ಮೊದಲು ಈ ಪ್ರಶ್ನೆ ಹೆಚ್ಚುತ್ತದೆ. ಯಾರನ್ನು ನಂಬಬೇಕೆಂದು ಹೇಳುವುದು ಈ ಲೇಖನದ ಕೆಲಸವಲ್ಲ. ಚುನಾಯಿತರ ಮಾತು ನಮ್ಮ ಅಭಿಪ್ರಾಯವಾಗಿ ಗಟ್ಟಿಯಾಗುವ ಮುನ್ನ ಅದನ್ನು ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಲಿ. ಜನಪ್ರತಿನಿಧಿಗಳು ಅಪ್ಪಟ ಸುಳ್ಳು ಹೇಳಿ ಜನಾಭಿಪ್ರಾಯವನ್ನು ತಿರುಗಿಸುವುದು ನಾವು ಭಾವಿಸಿರುವುದಕ್ಕಿಂತ ಕಡಿಮೆ. ಬಹುಪಾಲು ಸಂದರ್ಭಗಳಲ್ಲಿ ಅವರು ಹೇಳುವುದು ನಿಜದ ಒಂದು ತುಂಡು. ಹತ್ತು ಜನ ಸೇರಿ ಮಾಡಿದ ಕೆಲಸದಲ್ಲಿ ಒಬ್ಬರ ಹೆಸರು ಮಾತ್ರ ಉಳಿಯುತ್ತದೆ, ನಾಲ್ಕು ಅಂಕಿಗಳಲ್ಲಿ ಒಂದು ಮಾತ್ರ ವೇದಿಕೆಗೆ ಬರುತ್ತದೆ, ಎರಡು ವರ್ಷದ ಹಿಂದಿನ ಆದೇಶ ಇಂದಿನ ಸುದ್ದಿಯಾಗುತ್ತದೆ. ಆದ್ದರಿಂದ ‘ನಿಜವೋ ಸುಳ್ಳೋ’ ಎಂಬ ಒಂದೇ ಪ್ರಶ್ನೆಯಿಂದ ಕೆಲಸವಾಗುವುದಿಲ್ಲ. ‘ಪೂರ್ತಿ ಸಂಗತಿ ಏನು, ಇದರಲ್ಲಿ ಇವರ ಪಾಲು ಎಷ್ಟು’ ಎಂದು ಕೇಳಬೇಕಾಗುತ್ತದೆ.

ಬೇಕಾಗುವ ಸಾಮಗ್ರಿ

ದೊಡ್ಡ ಸಿದ್ಧತೆ ಏನೂ ಬೇಡ. ಒಂದು ನೋಟ್ ಪುಸ್ತಕ, ಅಂತರ್ಜಾಲವಿರುವ ಮೊಬೈಲ್, ಕನಿಷ್ಠ ಎರಡು ಬೇರೆ ಬೇರೆ ಪತ್ರಿಕೆಗಳ ಜಿಲ್ಲಾ ಪುಟಗಳು, ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಇಷ್ಟಿದ್ದರೆ ಸಾಕು. ಇವೆಲ್ಲಕ್ಕಿಂತ ಹೆಚ್ಚಾಗಿ ಒಂದು ಶಿಸ್ತು ಬೇಕು. ನೀವು ಮತ ಹಾಕಿದವರ ಹೇಳಿಕೆಯನ್ನೂ ಮತ ಹಾಕದವರ ಹೇಳಿಕೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ಈ ಶಿಸ್ತಿಲ್ಲದಿದ್ದರೆ ಮುಂದಿನ ಹಂತಗಳೆಲ್ಲ ಎದುರಾಳಿಯನ್ನು ಹಣಿಯುವ ಸಾಧನಗಳಷ್ಟೇ ಆಗುತ್ತವೆ.

ಹಂತ 1: ಹೇಳಿಕೆಯನ್ನು ಆಡಿದ ರೂಪದಲ್ಲೇ ಬರೆದುಕೊಳ್ಳಿ

ಯಾರು, ಎಲ್ಲಿ, ಯಾವ ದಿನ, ಯಾವ ಹುದ್ದೆಯಲ್ಲಿದ್ದಾಗ ಹೇಳಿದರು ಎಂಬುದನ್ನು ಮೊದಲು ದಾಖಲಿಸಿ. ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಮೂವತ್ತು ಸೆಕೆಂಡಿನ ತುಣುಕನ್ನು ಹೇಳಿಕೆ ಎಂದು ಪರಿಗಣಿಸಬೇಡಿ. ಪೂರ್ಣ ಭಾಷಣದ ವಿಡಿಯೊವನ್ನು ಯೂಟ್ಯೂಬಿನಲ್ಲಿ ಹುಡುಕಿ, ಆ ಮಾತಿನ ಹಿಂದಿನ ಮತ್ತು ಮುಂದಿನ ಎರಡೆರಡು ನಿಮಿಷಗಳನ್ನು ಕೇಳಿ. ‘ನೀರು ಬಿಡುವುದಿಲ್ಲ’ ಎಂದು ತುಣುಕಿನಲ್ಲಿ ಕೇಳಿಸಿದ್ದು ಪೂರ್ಣ ಭಾಷಣದಲ್ಲಿ ‘ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ ಬರುವವರೆಗೆ ನೀರು ಬಿಡುವುದಿಲ್ಲ’ ಎಂದಿರಬಹುದು, ಮತ್ತು ಇವೆರಡಕ್ಕೂ ಅಜಗಜಾಂತರವಿದೆ.

ಎಚ್ಚರಿಕೆ: ವಿಡಿಯೊ ಯಾವಾಗ ಹಂಚಲ್ಪಟ್ಟಿತು ಎಂಬುದನ್ನು ನೋಡಿ ಅದು ಯಾವಾಗಿನದು ಎಂದು ತೀರ್ಮಾನಿಸಬೇಡಿ. ಕಾವೇರಿ ವಿವಾದದ ಹಳೆಯ ವರ್ಷಗಳ ಭಾಷಣಗಳು ಪ್ರತಿ ಬರಗಾಲದಲ್ಲೂ ಹೊಸದಾಗಿ ಹರಿದಾಡುತ್ತವೆ.

ಹಂತ 2: ಮಾತನ್ನು ಮೂರು ಪಾಲು ಮಾಡಿ

ಬರೆದುಕೊಂಡ ಹೇಳಿಕೆಯಲ್ಲಿ ಸಂಗತಿ, ಭರವಸೆ ಮತ್ತು ಅಭಿಪ್ರಾಯ ಬೆರೆತಿರುತ್ತವೆ. ‘ಈ ಸೇತುವೆಗೆ ಹನ್ನೆರಡು ಕೋಟಿ ಬಿಡುಗಡೆಯಾಗಿದೆ’ ಎಂಬುದು ಸಂಗತಿ, ಅದನ್ನು ಕಡತದಿಂದ ಪರೀಕ್ಷಿಸಬಹುದು. ‘ಮುಂದಿನ ದಸರಾ ಹೊತ್ತಿಗೆ ಸೇತುವೆ ಮುಗಿಯುತ್ತದೆ’ ಎಂಬುದು ಭರವಸೆ, ಅದನ್ನು ದಿನಾಂಕದೊಂದಿಗೆ ಬರೆದಿಟ್ಟು ಕಾಯಬಹುದು. ‘ಹಿಂದಿನವರು ಈ ಭಾಗವನ್ನು ಸಂಪೂರ್ಣ ಕಡೆಗಣಿಸಿದ್ದರು’ ಎಂಬುದು ಅಭಿಪ್ರಾಯ, ಅದನ್ನು ಒಪ್ಪಬಹುದು ಅಥವಾ ಬಿಡಬಹುದು. ನುರಿತ ಭಾಷಣಕಾರರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಸಂಗತಿಗೆ ಇರುವ ಗಟ್ಟಿತನ ಅಭಿಪ್ರಾಯಕ್ಕೂ ಅಂಟಿಕೊಳ್ಳುತ್ತದೆ. ಹನ್ನೆರಡು ಕೋಟಿ ನಿಜವಾಗಿದ್ದರೆ ಕಡೆಗಣನೆಯೂ ನಿಜವೇ ಇರಬೇಕೆಂದು ಕೇಳುಗರಿಗೆ ಅನ್ನಿಸುತ್ತದೆ. ಕಾಗದದ ಮೇಲೆ ಬೇರ್ಪಡಿಸಿದಾಗ ಮಾತ್ರ ಈ ಅಂಟು ಬಿಡುತ್ತದೆ.

ಹಂತ 3: ಆ ಕೆಲಸದ ಅಧಿಕಾರ ಯಾರದು ಎಂಬುದನ್ನು ಪತ್ತೆಹಚ್ಚಿ

ಜನಾಭಿಪ್ರಾಯದ ಮೇಲೆ ಅತಿ ಹೆಚ್ಚು ಪ್ರಭಾವ ಬೀರುವುದು ಶ್ರೇಯಸ್ಸಿನ ಹಂಚಿಕೆ. ಒಳ್ಳೆಯದಾದರೆ ನಮ್ಮಿಂದ, ಕೆಟ್ಟದ್ದಾದರೆ ಅವರಿಂದ ಎಂಬ ವಾದ ಎಲ್ಲ ಪಕ್ಷಗಳಲ್ಲೂ ಇದೆ. ಇದನ್ನು ಪರಿಶೀಲಿಸಲು ಆಡಳಿತದ ನಕ್ಷೆ ತಲೆಯಲ್ಲಿರಬೇಕು.

ನಿಮ್ಮ ಕ್ಷೇತ್ರದಿಂದಲೇ ಆರಂಭಿಸಿ. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರವೂ ಸೇರಿದೆ. ಮೈಸೂರು ಜಿಲ್ಲೆಯ ವರುಣ, ತಿ. ನರಸೀಪುರ, ನಂಜನಗೂಡು ಮತ್ತು ಹೆಗ್ಗಡದೇವನಕೋಟೆಯ ಮತದಾರರಿಗೆ ಚಾಮರಾಜನಗರದ ಸಂಸದರೇ ಸಂಸದರು. ಇದನ್ನು ತಿಳಿಯದೆ ತಪ್ಪು ಸಂಸದರಿಗೆ ಮನವಿ ಕೊಟ್ಟು ವರ್ಷ ಕಳೆದವರು ಇದ್ದಾರೆ.

ನಂತರ ಕೆಲಸದ ಒಡೆತನ ನೋಡಿ. ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು; ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ರಾಜ್ಯದ ಲೋಕೋಪಯೋಗಿ ಇಲಾಖೆಯದು; ಹಳ್ಳಿಯ ಕೂಡುರಸ್ತೆ ಸಾಮಾನ್ಯವಾಗಿ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದ್ದು. ವಿಶ್ವೇಶ್ವರಯ್ಯ ನಾಲೆಯ ನಿರ್ವಹಣೆ ಕಾವೇರಿ ನೀರಾವರಿ ನಿಗಮದ್ದು. ವಿದ್ಯುತ್ ಸರಬರಾಜು ಚೆಸ್ಕಾಂನದು, ಆದರೆ ಅದರ ದರವನ್ನು ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಕಬ್ಬಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿಯಾಗುವುದು ಕೇಂದ್ರದಲ್ಲಿ; ಆ ಹಣವನ್ನು ಕಾರ್ಖಾನೆಯಿಂದ ಸಕಾಲಕ್ಕೆ ಕೊಡಿಸುವ ಹೊಣೆ ಬಹುಮಟ್ಟಿಗೆ ರಾಜ್ಯ ಮತ್ತು ಜಿಲ್ಲಾಡಳಿತದ್ದು.

ಪಡಿತರ ಅಕ್ಕಿ ಇದಕ್ಕೆ ಉತ್ತಮ ಉದಾಹರಣೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ ಐದು ಕಿಲೋ ಧಾನ್ಯ ಕೇಂದ್ರದಿಂದ ಬರುತ್ತದೆ, 2023ರ ಜನವರಿಯಿಂದ ಅದು ಉಚಿತ. ಅದರ ಮೇಲೆ ಇನ್ನೂ ಐದು ಕಿಲೋ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿತು. ಅಕ್ಕಿ ಹೊಂದಿಸಲಾಗದೆ 2023ರ ಜುಲೈನಿಂದ ಅದಕ್ಕೆ ಬದಲಾಗಿ ತಲಾ 170 ರೂಪಾಯಿ ಕೊಡಲು ಆರಂಭಿಸಿತು. ‘ಅಕ್ಕಿ ನಮ್ಮದು’ ಎಂದು ಎರಡೂ ಕಡೆಯವರು ಹೇಳಿದಾಗ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇಬ್ಬರೂ ಪೂರ್ತಿ ಹೇಳುತ್ತಿರಲಿಲ್ಲ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನಲ್ಲಿಯೂ ಹೀಗೆಯೇ, ಕೇಂದ್ರ ಮತ್ತು ರಾಜ್ಯದ ಪಾಲು ಅರ್ಧ ಅರ್ಧ.

2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದ ಬೆಂಗಳೂರು–ಮೈಸೂರು ಹೆದ್ದಾರಿಯ ವಿಷಯದಲ್ಲಿ ಶ್ರೇಯಸ್ಸಿಗಾಗಿ ನಡೆದ ವಾಗ್ವಾದ ನಿಮಗೆ ನೆನಪಿರಬಹುದು. ಸುಮಾರು 118 ಕಿಲೋಮೀಟರ್ ಉದ್ದದ, ಎಂಟು ಸಾವಿರ ಕೋಟಿಗೂ ಹೆಚ್ಚು ವೆಚ್ಚದ ಇಂಥ ರಸ್ತೆ ಒಂದೇ ಸರ್ಕಾರದ ಅವಧಿಯಲ್ಲಿ ಹುಟ್ಟಿ ಮುಗಿಯುವುದು ಅಪರೂಪ. ಪ್ರಸ್ತಾವ ಯಾರ ಕಾಲದಲ್ಲಿ ಹೋಯಿತು, ಭೂಸ್ವಾಧೀನಕ್ಕೆ ಯಾರು ಸಹಕರಿಸಿದರು, ಹಣ ಯಾರು ಕೊಟ್ಟರು, ಗುತ್ತಿಗೆ ಯಾವಾಗ ಆಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಕೇಳಿ. ಜೊತೆಗೆ ಐದನೆಯದನ್ನೂ ಕೇಳಬೇಕು, ಏಕೆಂದರೆ ಅದು ನಮ್ಮ ಊರಿನವರ ಪ್ರಶ್ನೆ: ಸರ್ವಿಸ್ ರಸ್ತೆ, ಕೆಳಸೇತುವೆ, ಚರಂಡಿಗಳಿಗೆ ಉತ್ತರಿಸಬೇಕಾದವರು ಯಾರು? ಶ್ರೇಯಸ್ಸು ಕೇಳುವಾಗ ಮುಂದೆ ನಿಂತವರು ಈ ಪ್ರಶ್ನೆಗೂ ಮುಂದೆ ನಿಲ್ಲಬೇಕೆಂದು ನಿರೀಕ್ಷಿಸುವುದು ನ್ಯಾಯವೇ ಆಗಿದೆ.

ಇನ್ನೊಂದು ಸಾಮಾನ್ಯ ತಪ್ಪು ತಿಳಿವಳಿಕೆ ಫಲಕಗಳಿಂದ ಹುಟ್ಟುತ್ತದೆ. ‘ಮಾನ್ಯ ಸಂಸದರ ಅನುದಾನದಿಂದ’ ಎಂಬ ಬಸ್ ತಂಗುದಾಣದ ಫಲಕ ಓದಿದವರಿಗೆ ಅದು ಅವರ ಕೊಡುಗೆ ಎನ್ನಿಸುತ್ತದೆ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ಐದು ಕೋಟಿ ರೂಪಾಯಿ, ನಮ್ಮ ರಾಜ್ಯದಲ್ಲಿ ಶಾಸಕರದು ಎರಡು ಕೋಟಿ. ಎರಡೂ ತೆರಿಗೆದಾರರ ಹಣವೇ. ಜನಪ್ರತಿನಿಧಿ ಕೆಲಸವನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡಿ ಹಣ ಬಿಡುಗಡೆ ಮಾಡುವುದು ಜಿಲ್ಲಾಡಳಿತ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಕೊಟ್ಟರೇ’ ಎಂಬುದಕ್ಕಿಂತ ‘ಈ ವರ್ಷದ ಪಾಲನ್ನು ಎಲ್ಲಿಗೆ, ಯಾವ ಆಧಾರದ ಮೇಲೆ ಆರಿಸಿದರು’ ಎಂಬುದು.

ಹಂತ 4: ಕೆಲಸ ಯಾವ ಮೆಟ್ಟಿಲಿನಲ್ಲಿದೆ ಎಂದು ನೋಡಿ

ಈ ಹಂತವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಬಹುತೇಕ ನಿರಾಶೆಗಳು ಇಲ್ಲಿಂದಲೇ ಹುಟ್ಟುತ್ತವೆ. ಸರ್ಕಾರಿ ಕಾಮಗಾರಿ ಘೋಷಣೆಯಿಂದ ಉದ್ಘಾಟನೆಯವರೆಗೆ ಹಲವು ಮೆಟ್ಟಿಲುಗಳನ್ನು ಏರಬೇಕು ಮತ್ತು ಪ್ರತಿ ಮೆಟ್ಟಿಲಿನಲ್ಲೂ ಒಂದು ಪತ್ರಿಕಾ ಹೇಳಿಕೆಗೆ ಅವಕಾಶವಿದೆ. ಒಂದೇ ಸೇತುವೆ ಐದು ಬಾರಿ ಸುದ್ದಿಯಾಗುವುದರಿಂದ ಐದು ಸೇತುವೆ ಬಂದಂತೆ ಜನರಿಗೆ ಭಾಸವಾಗುತ್ತದೆ.

ಮೊದಲನೆಯದು ಘೋಷಣೆ, ಅದಕ್ಕೆ ಯಾವ ಕಡತವೂ ಬೇಕಿಲ್ಲ. ಎರಡನೆಯದು ಬಜೆಟ್ಟಿನಲ್ಲಿ ಹಂಚಿಕೆ, ಅದು ಖರ್ಚು ಮಾಡುವ ಉದ್ದೇಶವನ್ನಷ್ಟೇ ತಿಳಿಸುತ್ತದೆ. ಮೂರನೆಯದು ವಿವರವಾದ ಯೋಜನಾ ವರದಿ (ಡಿಪಿಆರ್), ಅಂದರೆ ಎಲ್ಲಿ, ಹೇಗೆ, ಎಷ್ಟರಲ್ಲಿ ಕಟ್ಟುತ್ತೇವೆ ಎಂಬ ಎಂಜಿನಿಯರುಗಳ ವರದಿ. ನಾಲ್ಕನೆಯದು ಆಡಳಿತಾತ್ಮಕ ಅನುಮೋದನೆ, ಅಂದರೆ ಈ ಕೆಲಸವನ್ನು ಇಷ್ಟು ಮೊತ್ತದಲ್ಲಿ ಮಾಡಬಹುದು ಎಂಬ ಸರ್ಕಾರದ ಆದೇಶ. ಐದನೆಯದು ತಾಂತ್ರಿಕ ಮಂಜೂರಾತಿ, ಅಂದರೆ ಅಂದಾಜುಪಟ್ಟಿಗೆ ಸಕ್ಷಮ ಎಂಜಿನಿಯರ್ ಹಾಕುವ ಒಪ್ಪಿಗೆ. ಆರನೆಯದು ಟೆಂಡರ್, ಏಳನೆಯದು ಗುತ್ತಿಗೆದಾರನಿಗೆ ಕೊಡುವ ಕಾರ್ಯಾದೇಶ. ಗುದ್ದಲಿ ಪೂಜೆ ನಡೆಯಬೇಕಾದ್ದು ಇದರ ನಂತರ. ಆಮೇಲೆ ಅಳತೆ ಪುಸ್ತಕದಲ್ಲಿ ಕೆಲಸ ದಾಖಲಾಗಬೇಕು, ಬಿಲ್ ಪಾವತಿಯಾಗಬೇಕು, ಕೆಲಸ ಮುಗಿದ ಪ್ರಮಾಣಪತ್ರ ಬರಬೇಕು.

‘ಮಂಜೂರಾಗಿದೆ’ ಎಂಬ ಪದವನ್ನು ಮೂರನೆಯ ಮೆಟ್ಟಿಲಿನಿಂದ ಏಳನೆಯವರೆಗೆ ಎಲ್ಲಿ ಬೇಕಾದರೂ ಬಳಸುತ್ತಾರೆ. ನಾನೂ ಒಮ್ಮೆ ಒಂದು ಏತ ನೀರಾವರಿ ಕೆಲಸದ ಆಡಳಿತಾತ್ಮಕ ಅನುಮೋದನೆಯ ಆದೇಶವನ್ನು ಓದಿ, ಹಣ ಬಿಡುಗಡೆಯಾಯಿತೆಂದು ಊರಿನವರಿಗೆ ತಿಳಿಸಿಬಿಟ್ಟೆ. ಅದನ್ನು ನಂಬಿ ಎರಡು ಬೆಳೆಗೆ ಕಾದವರನ್ನು ನೋಡಿದ ಮೇಲೆ ಈ ಮೆಟ್ಟಿಲುಗಳನ್ನು ಬರೆದಿಟ್ಟುಕೊಂಡೆ. ಆದ್ದರಿಂದ ‘ಮಂಜೂರಾಗಿದೆ’ ಎಂದು ಕೇಳಿದ ಕೂಡಲೇ ಎರಡು ವಿವರ ಕೇಳಿ: ಆದೇಶದ ಸಂಖ್ಯೆ ಮತ್ತು ದಿನಾಂಕ ಏನು, ಟೆಂಡರ್ ಆಗಿದೆಯೇ? ಟೆಂಡರ್ ಆಗಿದ್ದರೆ ಅದು ರಾಜ್ಯ ಸರ್ಕಾರದ ಸಂಗ್ರಹಣಾ ಪೋರ್ಟಲ್‌ನಲ್ಲಿ (ಕೆಪಿಪಿಪಿ) ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಸಂಬಂಧಪಟ್ಟ ವಿಭಾಗದ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ವಿಚಾರಿಸಿ.

ಕಾವೇರಿಗೆ ಅಣೆಕಟ್ಟೆ ಕಟ್ಟುವ ಮೇಕೆದಾಟು ಯೋಜನೆ ಈ ಮೆಟ್ಟಿಲುಗಳ ಮಹತ್ವವನ್ನು ತೋರಿಸುತ್ತದೆ. 67 ಟಿಎಂಸಿ ಅಡಿ ಸಂಗ್ರಹ, 400 ಮೆಗಾವಾಟ್ ವಿದ್ಯುತ್ ಉತ್ಪಾದನೆಯ ಈ ಪ್ರಸ್ತಾವಕ್ಕಾಗಿ 2022ರ ಜನವರಿಯಲ್ಲಿ ಅಂದಿನ ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ಪಾದಯಾತ್ರೆ ನಡೆಸಿತು. ಅದೇ ವರ್ಷದ ಬಜೆಟ್ಟಿನಲ್ಲಿ ಅಂದಿನ ಬಿಜೆಪಿ ಸರ್ಕಾರ ಸಾವಿರ ಕೋಟಿ ರೂಪಾಯಿ ಮೀಸಲಿಟ್ಟಿತು. ಎರಡೂ ಜನರ ಮನಸ್ಸನ್ನು ಮುಟ್ಟಿದವು. ಆದರೆ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಅಭಿಪ್ರಾಯ, ಅರಣ್ಯ ಮತ್ತು ಪರಿಸರದ ಅನುಮತಿ ಇವೆಲ್ಲ ಇರುವುದು ಪಾದಯಾತ್ರೆಯಿಂದಲೂ ಬಜೆಟ್ಟಿನಿಂದಲೂ ನೇರವಾಗಿ ದಾಟಲಾಗದ ಮೆಟ್ಟಿಲುಗಳಲ್ಲಿ. ಮೇಕೆದಾಟಿನ ಬಗ್ಗೆ ಯಾರೇ ಮಾತನಾಡಿದರೂ ‘ಈಗ ಕಡತ ಯಾವ ಕಚೇರಿಯಲ್ಲಿದೆ’ ಎಂದು ಕೇಳಿ.

ಹಂತ 5: ಅಂಕಿಯನ್ನು ನಿಮ್ಮ ಕೈಯಾರೆ ಲೆಕ್ಕ ಹಾಕಿ

ನೀರಿನ ವಿಷಯದಲ್ಲಿ ಅಂಕಿಯನ್ನು ಮೂರು ಅಳತೆಗಳಲ್ಲಿ ಹೇಳಬಹುದು, ಮತ್ತು ಯಾವ ಅಳತೆಯನ್ನು ಆರಿಸುತ್ತಾರೆ ಎಂಬುದೇ ಅಭಿಪ್ರಾಯವನ್ನು ರೂಪಿಸುತ್ತದೆ. ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ ನೀರು. ಅದು ಪ್ರಮಾಣದ ಅಳತೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಅದು ವೇಗದ ಅಳತೆ. ಅಡಿ ಎಂದರೆ ಅಣೆಕಟ್ಟೆಯಲ್ಲಿನ ನೀರಿನ ಮಟ್ಟ. ಒಂದು ದಿನದಲ್ಲಿ 86,400 ಸೆಕೆಂಡುಗಳಿರುವುದರಿಂದ, ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು.

2023ರ ಆಗಸ್ಟ್ ಕೊನೆಯಲ್ಲಿ ಕಾವೇರಿ ಪ್ರಾಧಿಕಾರ ತಮಿಳುನಾಡಿಗೆ ಹದಿನೈದು ದಿನ 5,000 ಕ್ಯುಸೆಕ್ ಬಿಡುವಂತೆ ಕರ್ನಾಟಕಕ್ಕೆ ಹೇಳಿತು. ಲೆಕ್ಕ ಹಾಕಿದರೆ ಅದು ಸುಮಾರು 6.48 ಟಿಎಂಸಿ. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ, ಗರಿಷ್ಠ ಮಟ್ಟ 124.80 ಅಡಿ. ‘ಐದು ಸಾವಿರ ಮಾತ್ರ’ ಎಂದು ಒಬ್ಬರು, ‘ಆರೂವರೆ ಟಿಎಂಸಿ ಹೋಯಿತು’ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರೂ ಒಂದೇ ನೀರಿನ ಬಗ್ಗೆ ಮಾತನಾಡುತ್ತಿದ್ದಾರೆ. ಬರದ ವರ್ಷದಲ್ಲಿ, ಭತ್ತದ ಮಡಿ ಬಿರುಕು ಬಿಟ್ಟ ರೈತನಿಗೆ ಆ ಆರೂವರೆ ಟಿಎಂಸಿ ಎಷ್ಟು ದೊಡ್ಡದೆಂಬುದನ್ನು ಯಾವ ಅಳತೆಯೂ ಪೂರ್ತಿ ಹೇಳಲಾರದು. ಆದರೆ ಆ ನೋವನ್ನು ಯಾರಾದರೂ ಬಳಸಿಕೊಳ್ಳದಂತೆ ತಡೆಯಲು ಲೆಕ್ಕ ಬೇಕೇ ಬೇಕು. ಮಟ್ಟದ ವಿಷಯದಲ್ಲಿಯೂ ಜಾಗ್ರತೆಯಿರಲಿ: ಮೇಲಿನ ಹತ್ತು ಅಡಿಯಲ್ಲಿರುವ ನೀರು ಕೆಳಗಿನ ಹತ್ತು ಅಡಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು, ಏಕೆಂದರೆ ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಹಾಗಾಗಿ ‘ಇನ್ನೂ ನೂರು ಅಡಿ ನೀರಿದೆ’ ಎಂಬ ಮಾತಿನಿಂದ ಅಣೆಕಟ್ಟೆಯ ಐದರಲ್ಲಿ ನಾಲ್ಕು ಪಾಲು ತುಂಬಿದೆ ಎಂದು ತಿಳಿಯಬಾರದು.

ಷರತ್ತನ್ನೂ ಓದಬೇಕು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75ಕ್ಕೆ ಏರಿಸಿತು, ಗಡಿಯಲ್ಲಿ ನೀರು ಅಳೆಯುವ ಸ್ಥಳವಾದ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ಪ್ರಮಾಣವನ್ನು 177.25 ಟಿಎಂಸಿ ಎಂದು ನಿಗದಿಪಡಿಸಿತು. ಈ ಅಂಕಿಗಳು ಸಾಮಾನ್ಯ ಮಳೆಯ ವರ್ಷಕ್ಕೆ ಸಂಬಂಧಿಸಿದವು. ಮಳೆ ಕಡಿಮೆಯಾದ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದೇ ಎಲ್ಲ ಜಗಳದ ಮೂಲ. ಆ ಷರತ್ತನ್ನು ಬಿಟ್ಟು 177.25 ಎಂಬ ಸಂಖ್ಯೆಯನ್ನಷ್ಟೇ ಹೇಳುವವರು, ಇತ್ತಲಿನವರಾಗಲಿ ಅತ್ತಲಿನವರಾಗಲಿ, ಅರ್ಧ ತೀರ್ಪನ್ನು ಓದುತ್ತಿದ್ದಾರೆ.

ಕಬ್ಬಿನ ಬೆಲೆಯಲ್ಲೂ ಇದೇ ಕಥೆ. 2025–26ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550 ಎಂದು ವೇದಿಕೆಯ ಮೇಲೆ ಹೇಳುತ್ತಾರೆ. ಆ ಬೆಲೆ ಶೇ 10.25ರ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿನಿಂದ ಹತ್ತೂಕಾಲು ಕಿಲೋ ಸಕ್ಕರೆ ಬಂದಾಗ. ಇಳುವರಿ ಶೇ 9.5ಕ್ಕಿಂತ ಕಡಿಮೆಯಿರುವ ಕಾರ್ಖಾನೆಯಲ್ಲಿ ಅದು 329.05 ರೂಪಾಯಿ. ಅದರಿಂದ ಕಟಾವು ಮತ್ತು ಸಾಗಣೆ ವೆಚ್ಚ ಕಳೆಯಲಾಗುತ್ತದೆ. ವೇದಿಕೆಯ ಬೆಲೆಗೂ ಬ್ಯಾಂಕ್ ಖಾತೆಗೆ ಬಂದ ಹಣಕ್ಕೂ ಇರುವ ಅಂತರವನ್ನು ಕಂಡು ‘ಯಾರೋ ತಿಂದರು’ ಎಂದು ಹೇಳುವ ಮೊದಲು ಈ ಎರಡು ಕಡಿತಗಳನ್ನು ಪರಿಶೀಲಿಸಿ. ಅದರ ನಂತರವೂ ಅಂತರ ಉಳಿದರೆ ಆಗ ಧೈರ್ಯವಾಗಿ ಕೇಳಿ. ಹಣ ಹದಿನಾಲ್ಕು ದಿನದೊಳಗೆ ಬರಬೇಕು, ತಡವಾದರೆ ಶೇ 15ರ ಬಡ್ಡಿ ಸಲ್ಲಬೇಕು ಎಂಬುದು ಕಬ್ಬು ನಿಯಂತ್ರಣ ಆದೇಶದಲ್ಲಿಯೇ ಇದೆ. ಬೆಲೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರು ಈ ಬಡ್ಡಿಯ ಬಗ್ಗೆ ಎಷ್ಟು ಮಾತನಾಡುತ್ತಾರೆ ಎಂಬುದನ್ನು ಗಮನಿಸಿ.

ಹಂತ 6: ಹುದ್ದೆ ಬದಲಾದಾಗ ಮಾತು ಬದಲಾಯಿತೇ ಎಂದು ಹೋಲಿಸಿ

ಒಬ್ಬರೇ ನಾಯಕರು ವಿರೋಧ ಪಕ್ಷದಲ್ಲಿದ್ದಾಗ ಮತ್ತು ಅಧಿಕಾರದಲ್ಲಿದ್ದಾಗ ಒಂದೇ ವಿಷಯದ ಬಗ್ಗೆ ಏನು ಹೇಳಿದರು ಎಂಬುದನ್ನು ನೋಟ್ ಪುಸ್ತಕದಲ್ಲಿ ಎದುರುಬದುರು ಬರೆಯಿರಿ. ಕಾವೇರಿಯ ವಿಷಯದಲ್ಲಿ 2012, 2016 ಮತ್ತು 2023ರ ಬಿಕ್ಕಟ್ಟುಗಳು ಇದಕ್ಕೆ ಸಾಕಷ್ಟು ಸಾಮಗ್ರಿ ಕೊಡುತ್ತವೆ. ಅಧಿಕಾರದಲ್ಲಿದ್ದವರು ನ್ಯಾಯಾಲಯದ ಆದೇಶ ಪಾಲಿಸಲೇಬೇಕೆಂದರು, ಹೊರಗಿದ್ದವರು ಒಂದು ಹನಿಯನ್ನೂ ಬಿಡಬಾರದೆಂದರು. ಕುರ್ಚಿ ಬದಲಾದಾಗ ಮಾತುಗಳೂ ಬದಲಾದವು. ಹೊಸ ಮಾಹಿತಿ ಬಂದಾಗ ನಿಲುವು ಬದಲಾಯಿಸುವುದು ತಪ್ಪಲ್ಲ. ಬದಲಾಯಿಸಿದ್ದಕ್ಕೆ ಕಾರಣ ಹೇಳಿದರೇ ಎಂಬುದನ್ನು ನೋಡಿ.

ವೇದಿಕೆಯೂ ಮುಖ್ಯ. ಸದನದೊಳಗೆ ಆಡಿದ ಮಾತಿಗೆ ಸಂವಿಧಾನದ 105 ಮತ್ತು 194ನೇ ವಿಧಿಗಳ ರಕ್ಷಣೆಯಿದೆ, ಅದಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. ಆದರೆ ಅದು ಶಾಶ್ವತ ದಾಖಲೆಯಾಗುತ್ತದೆ. ಊರಿನ ಸಭೆಯಲ್ಲಿ ಗಟ್ಟಿಯಾಗಿ ಹೇಳಿದ್ದನ್ನು ನಿಮ್ಮ ಶಾಸಕರು ಸದನದಲ್ಲಿ ಕೇಳಿದ್ದಾರೆಯೇ ಎಂಬುದನ್ನು ವಿಧಾನಮಂಡಲದ ಜಾಲತಾಣದಲ್ಲಿನ ಪ್ರಶ್ನೋತ್ತರಗಳಲ್ಲಿ ನೋಡಬಹುದು. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದದ್ದು; ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ಸಂಸದರ ಪ್ರಶ್ನೆಗಳು ಸಂಸತ್ತಿನ ಜಾಲತಾಣದಲ್ಲಿವೆ. ನನ್ನ ಅನುಭವದಲ್ಲಿ ಈ ಲಿಖಿತ ಉತ್ತರಗಳಷ್ಟು ಉಪಯುಕ್ತವಾದ, ಇಷ್ಟು ಕಡಿಮೆ ಓದಲ್ಪಡುವ ದಾಖಲೆ ಇನ್ನೊಂದಿಲ್ಲ.

ಹಂತ 7: ಇತಿಹಾಸ ಮತ್ತು ಅಭಿಮಾನದ ಮಾತು ಬಂದಾಗ ಆಧಾರ ಕೇಳಿ

ನಮ್ಮ ಎರಡು ಜಿಲ್ಲೆಗಳಲ್ಲಿ ಇತಿಹಾಸ ಜೀವಂತವಾಗಿದೆ, ಅದಕ್ಕಾಗಿಯೇ ಅದನ್ನು ಬಳಸಿ ಅಭಿಪ್ರಾಯ ರೂಪಿಸುವುದು ಸುಲಭ. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಟಿಪ್ಪುವನ್ನು ಕೊಂದವರು ಉರಿಗೌಡ ಮತ್ತು ನಂಜೇಗೌಡ ಎಂಬ ಮಾತನ್ನು ಕೆಲವು ನಾಯಕರು ಹರಡಿದರು. ಪ್ರಧಾನಿಯವರ ಭೇಟಿಗಾಗಿ ಮಂಡ್ಯದಲ್ಲಿ ನಿಲ್ಲಿಸಿದ ಕಮಾನಿನ ಮೇಲೂ ಆ ಹೆಸರುಗಳು ಬಂದವು, ವಿರೋಧದ ನಂತರ ಬದಲಾದವು. ಈ ಬಗ್ಗೆ ಚಲನಚಿತ್ರ ಮಾಡಲು ಹೊರಟಿದ್ದ ಸಚಿವರೊಬ್ಬರು ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿಯವರ ಮಾತಿನಂತೆ ಅದನ್ನು ಕೈಬಿಟ್ಟರು. ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದ ಯುದ್ಧದಲ್ಲಿ ಸತ್ತದ್ದು ದಾಖಲಾದ ಸಂಗತಿ. ಆ ಇಬ್ಬರ ಪಾತ್ರಕ್ಕೆ ಸಮಕಾಲೀನ ದಾಖಲೆಯನ್ನು ಯಾರೂ ಮುಂದಿಡಲಿಲ್ಲ. 2025ರಲ್ಲಿ ಮತ್ತೊಂದು ಪಕ್ಷದ ಸಚಿವರೊಬ್ಬರು ಕನ್ನಂಬಾಡಿ (ಕೃಷ್ಣರಾಜಸಾಗರ) ಅಣೆಕಟ್ಟೆಗೆ ಮೊದಲು ಅಡಿಗಲ್ಲು ಹಾಕಿದ್ದು ಟಿಪ್ಪು ಎಂದರು. ಅಲ್ಲಿ ಟಿಪ್ಪು ಕಾಲದ ಪರ್ಷಿಯನ್ ಶಾಸನವಿರುವುದು ನಿಜ. ಇಂದು ನಾವು ನೋಡುವ ಅಣೆಕಟ್ಟೆಯ ಕಾಮಗಾರಿ 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ ಆರಂಭವಾದದ್ದೂ ನಿಜ. ಶಾಸನ ಎಷ್ಟನ್ನು ಹೇಳುತ್ತದೆಯೋ ಅಷ್ಟನ್ನೇ ಸ್ವೀಕರಿಸಿ.

ಎಚ್ಚರಿಕೆ: ಇಂಥ ಮಾತುಗಳ ಮೇಲೆ ಊರಿನ ಅರಳಿಕಟ್ಟೆಯಲ್ಲಿ ಒಂದು ವಾರ ವಾದ ನಡೆದರೆ, ಅದೇ ವಾರ ನಾಲೆಯ ಆಧುನೀಕರಣದ ಬಗ್ಗೆಯೋ ಆಸ್ಪತ್ರೆಯ ವೈದ್ಯರ ಹುದ್ದೆಯ ಬಗ್ಗೆಯೋ ಯಾರೂ ಕೇಳುವುದಿಲ್ಲ. ಚರ್ಚೆಯ ವಿಷಯವನ್ನು ಆರಿಸುವ ಅಧಿಕಾರವೇ ಚುನಾಯಿತರ ಕೈಯಲ್ಲಿರುವ ದೊಡ್ಡ ಪ್ರಭಾವ.

ಮದುವೆ, ಬೀಗರೂಟ, ತಿಥಿ, ಜಾತ್ರೆಗಳಿಗೆ ಬಂದು ಹೋಗುವ ಜನಪ್ರತಿನಿಧಿಯ ಬಗ್ಗೆ ಮೂಡುವ ಪ್ರೀತಿಯ ಬಗ್ಗೆಯೂ ಓದುಗರು ಕೇಳುತ್ತಾರೆ. ಕಷ್ಟಸುಖಕ್ಕೆ ಬರುವವರನ್ನು ಗೌರವಿಸುವುದು ನಮ್ಮ ಸಂಸ್ಕಾರ, ಅದನ್ನು ಬಿಡಬೇಕಿಲ್ಲ. ಆ ಲೆಕ್ಕವನ್ನು ಒಂದು ಪುಟದಲ್ಲೂ ಕೆಲಸದ ಲೆಕ್ಕವನ್ನು ಇನ್ನೊಂದು ಪುಟದಲ್ಲೂ ಬರೆಯಿರಿ.

ಹಂತ 8: ಸುದ್ದಿ ಯಾವುದು, ಜಾಹೀರಾತು ಯಾವುದು ಎಂದು ಗುರುತಿಸಿ

ಪತ್ರಿಕೆಯ ಪುಟದಲ್ಲಿ ಮೂಲೆಯಲ್ಲಿ ಸಣ್ಣದಾಗಿ ‘ಜಾಹೀರಾತು’ ಎಂದಿದೆಯೇ ನೋಡಿ. ಸರ್ಕಾರಿ ಜಾಹೀರಾತುಗಳಲ್ಲಿ ಯಾರ ಭಾವಚಿತ್ರ ಇರಬಹುದೆಂಬುದನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರಪತಿ, ಪ್ರಧಾನಿ ಮತ್ತು ಮುಖ್ಯ ನ್ಯಾಯಮೂರ್ತಿಗಳಿಗೆ ಸೀಮಿತಗೊಳಿಸಿತ್ತು. 2016ರಲ್ಲಿ ಮುಖ್ಯಮಂತ್ರಿ, ಸಚಿವರ ಚಿತ್ರಗಳಿಗೂ ಅವಕಾಶ ನೀಡಿತು. ಆ ಚಿತ್ರಗಳಿಗೆ ಹಣ ಕೊಡುವುದು ಖಜಾನೆ. ಫೇಸ್‌ಬುಕ್‌ನಲ್ಲಿ ಬರುವ ಪ್ರಾಯೋಜಿತ ಪೋಸ್ಟ್‌ಗಳಿಗೆ ಯಾರು ಹಣ ಕೊಟ್ಟರೆಂಬುದನ್ನು ಆ ಕಂಪನಿಯ ಜಾಹೀರಾತು ಗ್ರಂಥಾಲಯದಲ್ಲಿ (ಆ್ಯಡ್ ಲೈಬ್ರರಿ) ಯಾರಾದರೂ ಉಚಿತವಾಗಿ ನೋಡಬಹುದು. ಅಭಿಮಾನಿ ಬಳಗದ ಪುಟವನ್ನು ನಾಯಕರ ಅಧಿಕೃತ ಪುಟವೆಂದು ಭಾವಿಸಬೇಡಿ.

ಹಂತ 9: ದಾಖಲೆಯನ್ನು ಅರ್ಜಿ ಹಾಕಿ ಪಡೆಯಿರಿ

ಮೇಲಿನ ಹಂತಗಳಲ್ಲಿ ಉತ್ತರ ಸಿಗದ ಪ್ರಶ್ನೆಗಳಿಗೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಬರೆಯಿರಿ. ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿಯೂ ಸಲ್ಲಿಸಬಹುದು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದಗಳನ್ನು ಮೀರಬಾರದು. ಬಹಳಷ್ಟು ಅರ್ಜಿಗಳು ತಿರಸ್ಕೃತವಾಗುವುದು ಈ ನಿಯಮ ತಿಳಿಯದೆ.

ಇನ್ನೊಂದು ದೋಷ ಪ್ರಶ್ನೆಯ ರೂಪದಲ್ಲಿದೆ. ‘ಸೇತುವೆ ಏಕೆ ಕಟ್ಟಲಿಲ್ಲ’ ಎಂದು ಕೇಳಿದರೆ ಅದು ಕಾರಣ ಕೇಳಿದಂತೆ, ಉತ್ತರ ಬಾರದಿರಬಹುದು. ‘ಈ ಕಾಮಗಾರಿಯ ಆಡಳಿತಾತ್ಮಕ ಅನುಮೋದನೆ, ಕಾರ್ಯಾದೇಶ ಮತ್ತು ಇದುವರೆಗಿನ ಬಿಲ್ ಪಾವತಿಯ ದೃಢೀಕೃತ ಪ್ರತಿಗಳನ್ನು ನೀಡಿ’ ಎಂದು ಬರೆಯಿರಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು. ಮೂವತ್ತು ದಿನದಲ್ಲಿ ಉತ್ತರ ಬರಬೇಕು, ತಡವಾದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಬಾರದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಪ್ರಥಮ ಮೇಲ್ಮನವಿ, ಅದಾದ ಮೇಲೆ ತೊಂಬತ್ತು ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ತಪ್ಪು ಕಚೇರಿಗೆ ಅರ್ಜಿ ಹೋಗಿದ್ದರೆ ಅದನ್ನು ಐದು ದಿನದಲ್ಲಿ ಸರಿಯಾದ ಕಚೇರಿಗೆ ವರ್ಗಾಯಿಸುವ ಹೊಣೆ ಆ ಅಧಿಕಾರಿಯದೇ.

ಹೆಚ್ಚಿನವರು ಕೇಳದ, ಆದರೆ ಕೇಳಲೇಬೇಕಾದ ದಾಖಲೆಯೊಂದಿದೆ: ಕೆಡಿಪಿ ಸಭೆಯ ನಡವಳಿ. ಇದು ಇಲಾಖೆಗಳ ಪ್ರಗತಿ ಪರಿಶೀಲನೆಯ ಸಭೆ. ತಾಲ್ಲೂಕಿನಲ್ಲಿ ಶಾಸಕರು, ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರು ಅಧ್ಯಕ್ಷತೆ ವಹಿಸುತ್ತಾರೆ. ಯಾರು ಏನು ಸೂಚಿಸಿದರು, ಅಧಿಕಾರಿ ಏನು ಉತ್ತರಿಸಿದರು ಎಂಬುದು ನಡವಳಿಯಲ್ಲಿರುತ್ತದೆ. ಆ ಸೂಚನೆ ಪಾಲನೆಯಾಯಿತೇ ಎಂಬುದು ಅನುಪಾಲನಾ ವರದಿಯಲ್ಲಿರುತ್ತದೆ. ಅಧಿಕಾರಿಗಳನ್ನು ಗದರಿಸಿದ ವಿಡಿಯೊ ಒಂದು ದಿನ ಓಡಾಡುತ್ತದೆ. ಮೂರು ತಿಂಗಳ ನಂತರದ ಅನುಪಾಲನಾ ವರದಿಯನ್ನು ಕೇಳಿ ಪಡೆದರೆ ಆ ಗದರಿಕೆಯಿಂದ ಏನಾಯಿತು ಎಂಬುದು ತಿಳಿಯುತ್ತದೆ.

ಹಂತ 10: ದಾಖಲೆ ಹಿಡಿದು ಜನಪ್ರತಿನಿಧಿಯನ್ನೇ ಕೇಳಿ

ಸಿಕ್ಕಿದ ದಾಖಲೆಯನ್ನು ಮೊದಲು ಗುಂಪುಗಳಲ್ಲಿ ಹಂಚಬೇಡಿ. ಶಾಸಕರಿಗೋ ಸಂಸದರಿಗೋ ಪತ್ರ ಬರೆದು, ‘ತಾವು ಇಂಥ ದಿನ ಹೀಗೆ ಹೇಳಿದ್ದಿರಿ, ಕಡತದಲ್ಲಿ ಹೀಗಿದೆ, ದಯವಿಟ್ಟು ವಿವರಿಸಿ’ ಎಂದು ಹದಿನೈದು ದಿನದ ಅವಕಾಶ ಕೊಡಿ. ಅವರ ಬಳಿ ನಿಮಗೆ ಸಿಗದ ಹೊಸ ಆದೇಶ ಇರಬಹುದು. ಹಾಗಿದ್ದರೆ ನಿಮ್ಮ ತೀರ್ಮಾನವನ್ನು ತಿದ್ದಿಕೊಳ್ಳಿ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಜೋಪಾನವಾಗಿಡಿ.

ಉತ್ತರ ಬಾರದಿದ್ದರೆ ಗ್ರಾಮಸಭೆ ಇದೆ. ವರ್ಷಕ್ಕೆ ಕನಿಷ್ಠ ಎರಡು ಬಾರಿ ಅದು ನಡೆಯಬೇಕು. ಒಬ್ಬರೇ ಹೋಗಬೇಡಿ, ಅದೇ ಕಾಮಗಾರಿಯಿಂದ ಬಾಧಿತರಾದ ನಾಲ್ಕಾರು ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆಯನ್ನು ಬರೆದುಕೊಂಡೇ ಹೋಗಿ, ಗಟ್ಟಿಯಾಗಿ ಓದಿ, ಸಭೆಯ ನಡವಳಿ ಪುಸ್ತಕದಲ್ಲಿ ಅದು ಅಕ್ಷರಶಃ ದಾಖಲಾಗಿದೆಯೇ ಎಂದು ಸಹಿ ಹಾಕುವ ಮುನ್ನ ಓದಿ ನೋಡಿ. ಆ ನಡವಳಿಯ ಪ್ರತಿಯನ್ನು ಮುಂದಿನ ವಾರವೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಪಡೆದು ನೋಟ್ ಪುಸ್ತಕದಲ್ಲಿ ಮೂಲ ಹೇಳಿಕೆಯ ಎದುರಿನ ಪುಟಕ್ಕೆ ಅಂಟಿಸಿ.